ವಾಮನಮಾಮಾ ಮತ್ತು ನೈಲ್ ನದಿಯವನು

ಕಳೆದ ವಾರ ಭಾನುವಾರ ಬೆಳಿಗ್ಗೆ ಚಪ್ಪಲಿ ಗೂಡು ಸ್ವಚ್ಛ ಮಾಡುತ್ತ ಕೂತಿದ್ದೆ. ಗಂಡನ ಹಳೆಯ ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳ ಕಳಚಿ ಬಿದ್ದು ಅದರ ಘಾಟು ವಾಸನೆ ಹೊರಗಿನ ಪ್ಯಾಸೇಜಿನವರೆಗೂ ಹೋಗಿತ್ತೆಂದು ಕಾಣುತ್ತದೆ. ಮೇಲಿನ ಮಹಡಿಯ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಬೆಂಗಳೂರಿನವಳು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಎಂಟು ವರ್ಷದ ಮಗನ ತಾಯಿ.

"ಆಂಟಿ, ಅದು ಬ್ಲ್ಯಾಕ್ ಪಾಲಿಶ್ ಅಲ್ವಾ? ಒಂಚೂರು ಕೊಡ್ತೀರಾ? ನಾಳೆ ಸ್ಕೂಲಲ್ಲಿ ವರ್ಲ್ಡ್ ಕಲ್ಚರ್ ಡೇ. ನನ್ನ ಮಗನಿಗೆ ಆಫ್ರಿಕಾ ಬಂದಿದೆ. ಎದುರುಗಡೆ ಮನೆ ಹುಡುಗಿಗೆ ಜಪಾನ್ ಸಿಕ್ತು, ಲಕ್ಕಿ. ಕಾಡಿಗೆ ಹಚ್ಚಿದ್ರೆ ಮುಖಕ್ಕೆಲ್ಲಾ ಸಾಕಾಗಲ್ಲ ನೋಡಿ."

ಆಫ್ರಿಕಾ ಬಂದಿದೆಯಂತೆ, ನೆಗಡಿ ಬಂದ ಹಾಗೆ. ಒಂದು ಇಡೀ ಖಂಡ, ಒಂದು ಡಬ್ಬಿ ಪಾಲಿಶ್. ಹೀಗೆ ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದು ಮಾತ್ರ, "ಒಣಗಿ ಹೋಗೇದಮ್ಮಾ, ಬರೂದಿಲ್ಲ." ಮೆತ್ತಗೆ ಸುಳ್ಳು ಹೇಳುವುದರಲ್ಲಿ ನನಗೆ ಹಳೆಯ ಅಭ್ಯಾಸವಿದೆ. ಆ ಅಭ್ಯಾಸ ಎಲ್ಲಿಂದ ಬಂತೆಂದು ನಿಮಗೆ ಹೇಳಬೇಕಾದರೆ ವಾಮನಮಾಮಾನ ಬಗ್ಗೆ ಹೇಳಬೇಕು.

ವಾಮನಮಾಮಾ ನನ್ನ ತಾಯಿಯ ಸೋದರಸಂಬಂಧಿ. ಧಾರವಾಡದಿಂದ ಪುಣೆಗೆ ಬಂದು ಇಲ್ಲಿಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿ, ಬಿಬವೇವಾಡಿಯಲ್ಲಿ ಸಣ್ಣದೊಂದು ಎರಡಂತಸ್ತಿನ ಮನೆ ಕಟ್ಟಿಸಿಕೊಂಡಿದ್ದರು. ನಿವೃತ್ತಿಯ ನಂತರ ಅವರಿಗೆ ಹಿಡಿದ ಗೀಳು, ಜಗತ್ತಿನ ಜನಾಂಗಗಳು. ದೇಶದೇಶಗಳ ಜನಜೀವನದ ಮೇಲೆ ನಮ್ಮ ಭಾಗದ ಕನ್ನಡ ಮಂಡಳಿಯಲ್ಲಿ ತಿಂಗಳಿಗೊಂದು ಉಪನ್ಯಾಸ ಕೊಡುತ್ತಿದ್ದರು. ಕೇಳಲು ಬರುವವರು ಉಪನ್ಯಾಸಕ್ಕೆ ಬರುತ್ತಿದ್ದರೋ ಕೊನೆಗೆ ಕೊಡುವ ಉಪ್ಪಿಟ್ಟಿಗೆ ಬರುತ್ತಿದ್ದರೋ, ನಾನು ಹೇಳಲಾರೆ. ಉಪ್ಪಿಟ್ಟು ಚೆನ್ನಾಗಿರುತ್ತಿತ್ತು.

ಈ ಮಹಾಶಯರು ಜಗತ್ತನ್ನು ಎಷ್ಟು ನೋಡಿದ್ದರು ಅನ್ನುತ್ತೀರಾ? ಲೋಣಾವಳಾದವರೆಗೆ. ಅದರಾಚೆ ಘಟ್ಟ ಇಳಿಯಬೇಕು. ಘಟ್ಟದ ಮೊದಲ ತಿರುವಿಗೇ ಅವರಿಗೆ ವಾಂತಿ. ಪ್ರತಿ ಸಲವೂ ಮುಂಬೈಗೆಂದು ಹೊರಟು, ಲೋಣಾವಳಾದಲ್ಲಿ ಇಳಿದು, ಅರ್ಧ ದಿನ ಮಳೆಯಲ್ಲಿ ನಿಂತು, ಒಂದು ಪೊಟ್ಟಣ ಚಿಕ್ಕಿ ಕೊಂಡು ಹಿಂದಿರುಗುತ್ತಿದ್ದರು. "ಸ್ವಿಟ್ಝರ್ಲೆಂಡೂ ಹಿಂಗ ಅದ ತಂಗಿ, ಭಾಳ ಫರಕ್ ಇಲ್ಲ" ಎಂದು ಹಣೆಗೆ ಅಮೃತಾಂಜನ ತಿಕ್ಕಿಕೊಳ್ಳುತ್ತ ನನಗೆ ಹೇಳುತ್ತಿದ್ದರು.

ನಾನಾಗ ಇಪ್ಪತ್ತಮೂರರ ಹುಡುಗಿ. ಎಂ.ಎ. ಮುಗಿಸಿ ಕೆಲಸ ಹುಡುಕುತ್ತ ಅವರಿಗೆ ಲಿಪಿಕಾರ್ತಿಯಾಗಿದ್ದೆ. ಅವರು ಹೇಳುವುದು, ನಾನು ಬರೆಯುವುದು. ಮಾಮಾನ ಜಗತ್ತಿನಲ್ಲಿ ಪ್ರತಿ ಜನಾಂಗಕ್ಕೂ ಒಂದೇ ಒಂದು ಗುಣ. ಜಪಾನಿನವನು ಶಿಸ್ತಿನವನು. ಇಂಗ್ಲೆಂಡಿನವನು ಕಡಿಮೆ ಮಾತಿನವನು. ರಷ್ಯಾದವನಿಗೆ ದುಃಖ. ಅರಬನು ಅತಿಥಿಪ್ರಿಯ, ಮೂರು ದಿನ ನೀವು ಅವನ ಡೇರೆಯಲ್ಲಿದ್ದರೂ ಯಾಕೆ ಬಂದಿರಿ ಎಂದು ಕೇಳನು. ಈ ಡೇರೆಯ ಮಾತು ಬಂದಾಗ ಮಾಮಾನ ಗಂಟಲು ಗದ್ಗದವಾಗುತ್ತಿತ್ತು. ನನ್ನ ಕಣ್ಣೂ ತೇವವಾಗುತ್ತಿತ್ತು. ನಗಬೇಡಿ, ನಾನು ಇದನ್ನೆಲ್ಲ ವಿದ್ವತ್ತೆಂದೇ ನಂಬಿದ್ದೆ.

ಮಾಮಾನ ಮೇಲಿನ ಕೋಣೆ ಬಾಡಿಗೆಗಿತ್ತು. ಹತ್ತಿರದಲ್ಲೇ ಹೋಟೆಲ್ ನಡೆಸುತ್ತಿದ್ದ ಕುಂದಾಪುರದ ಶೀನಣ್ಣ ಒಂದು ಸಂಜೆ ಎತ್ತರದ ಯುವಕನೊಬ್ಬನನ್ನು ಕರೆದುಕೊಂಡು ಬಂದ. "ಇವ ಇದ್ರೀಸ್ ಅಂತ. ಸುಡಾನ್ ದೇಶದವ. ಇಲ್ಲೇ ಕೊಂಢವಾದಲ್ಲಿ ಫಾರ್ಮಸಿ ಓದ್ತಾನೆ ಮಾರಾಯ್ರೆ. ದಿನಾ ನಮ್ಮಲ್ಲೇ ಇಡ್ಲಿ ತಿನ್ನೋದು. ಈಗಿರುವ ರೂಮು ಬಿಡ್ಬೇಕಂತೆ, ಪಾಪ. ನಿಮ್ಮ ಕೋಣೆ ಖಾಲಿ ಉಂಟಲ್ಲ?"

ಮಾಮಾ ಹಿಗ್ಗಿಬಿಟ್ಟರು. ಆ ತಿಂಗಳ ಉಪನ್ಯಾಸವೇ ನೈಲ್ ನದಿಯ ಜನರ ಮೇಲೆ! ಇದ್ರೀಸನನ್ನು ಕೂರಿಸಿಕೊಂಡು ಒಂದು ತಾಸು ಇಂಗ್ಲಿಷಿನಲ್ಲಿ ಅವನಿಗೆ ಸುಡಾನಿನ ಬಗ್ಗೆ ಹೇಳಿದರು. ಅವನು ಚಹಾ ಕುಡಿಯುತ್ತ ವಿನಯದಿಂದ ಕೇಳಿದ.

"ನಿಮ್ಮ ತಂದೆಯ ಹತ್ತಿರ ಎಷ್ಟು ಒಂಟೆಗಳಿವೆ?" ಎಂದು ಮಾಮಾ ಕೇಳಿದರು.

"ನನ್ನ ತಂದೆ ಅತ್ಬರಾ ಊರಿನಲ್ಲಿ ರೈಲ್ವೆ ಸಿಗ್ನಲ್‌ಮನ್, ಸರ್. ಅದು ರೈಲ್ವೆಯ ಊರು. ನಾನು ಒಂಟೆ ಹತ್ತಿದ್ದು ಒಂದೇ ಸಲ, ಇಲ್ಲಿ ಪುಣೆಯಲ್ಲಿ. ರಸ್ತೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾರಲ್ಲ, ಅದರ ಮೇಲೆ."

ಶೀನಣ್ಣ ಗಹಗಹಿಸಿದ. ಮಾಮಾ ನಗಲಿಲ್ಲ. ಇದ್ರೀಸ್ ಹೋದ ಮೇಲೆ ನನಗೆ ಹೇಳಿದರು: "ಈ ಕಾಲದ ಹುಡುಗರಿಗೆ ತಮ್ಮ ದೇಶದ ಬಗ್ಗೆ ಏನೂ ತಿಳಿಯೂದಿಲ್ಲ ನೋಡು."

ಕೋಣೆಯ ವಿಷಯದಲ್ಲಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ಉಪನ್ಯಾಸ ಆಗಲಿ, ಆಮೇಲೆ ನೋಡೋಣ" ಅಂದರು. ಅಂದು ವೇದಿಕೆಯ ಮೇಲೆ ತಮ್ಮ ಪಕ್ಕ ಕೂರಬೇಕೆಂದು ಅವನನ್ನು ಕೇಳಿಕೊಂಡರು, ಅವನ ದೇಶದ ಉಡುಪಿನಲ್ಲಿ. ಇದ್ರೀಸ್ ಒಪ್ಪಿದ. ಕೋಣೆ ಬೇಕಾದವನು ಮತ್ತೇನು ಮಾಡಿಯಾನು? ಅವನ ಹತ್ತಿರ ಆ ಉಡುಪೂ ಇರಲಿಲ್ಲ. ಕೊಂಢವಾದ ಯಾವನೋ ಗೆಳೆಯನಿಂದ ಬಿಳಿಯ ನಿಲುವಂಗಿಯನ್ನೂ ರುಮಾಲನ್ನೂ ಎರವಲು ತಂದ. ನಿಲುವಂಗಿ ಗಿಡ್ಡವಾಗಿ ಪ್ಯಾಂಟಿನ ಕಾಲು ಕೆಳಗೆ ಇಣುಕುತ್ತಿತ್ತು.

ಅಂದು ಸಭಾಂಗಣ ತುಂಬಿತ್ತು. ಉಪ್ಪಿಟ್ಟಿಗಿಂತ ದೊಡ್ಡ ಆಕರ್ಷಣೆ ಮೊದಲ ಸಲ ಒದಗಿತ್ತು. ಮಾಮಾ ಕೋಲು ಹಿಡಿದು ಭೂಪಟ ತೋರಿಸಿದರು, ಆಮೇಲೆ ಅದೇ ಕೋಲಿನಿಂದ ಇದ್ರೀಸನನ್ನು ತೋರಿಸಿದರು. ಎತ್ತರ ನೋಡಿರಿ ಅಂದರು. ಹಣೆ ನೋಡಿರಿ ಅಂದರು. ಮರಳುಗಾಡಿನ ಅಲೆಮಾರಿ, ಡೇರೆಯೇ ಮನೆ, ನಕ್ಷತ್ರವೇ ದೀಪ ಅಂದರು. ಇದನ್ನೆಲ್ಲ ಬರೆದುಕೊಟ್ಟವಳು ನಾನೇ; ನಕ್ಷತ್ರದ ಮಾತು ನನ್ನ ಸ್ವಂತದ್ದು. ಮುಂದಿನ ಸಾಲಿನ ಹೆಣ್ಣುಮಗಳೊಬ್ಬಳು ತನ್ನ ಮಗುವನ್ನು ವೇದಿಕೆಗೆ ಎತ್ತಿ ಹಿಡಿದಳು. ಮಗು ಅವನ ಕೂದಲು ಮುಟ್ಟಲೆಂದು ಮಾಮಾ ತಾವೇ ರುಮಾಲನ್ನು ಎತ್ತಿದರು.

ಕೊನೆಯಲ್ಲಿ, "ನಿಮ್ಮ ಭಾಷೆಯಲ್ಲಿ ಎರಡು ಮಾತು" ಎಂದರು.

ಇದ್ರೀಸ್ ಎದ್ದು ನಿಂತ. ಮೈಕಿನ ಮುಂದೆ ನಿಧಾನವಾಗಿ, ಸ್ಪಷ್ಟವಾಗಿ ಅರಬ್ಬಿಯಲ್ಲಿ ನಾಲ್ಕೈದು ವಾಕ್ಯ ಹೇಳಿದ. ಕೂತ. ಮಾಮಾ ಮೈಕು ಹಿಡಿದು, "ಭಾರತ ಎಲ್ಲ ಸಂಸ್ಕೃತಿಗಳ ತಾಯಿ, ಈ ತಾಯಿಯ ಮಡಿಲಲ್ಲಿ ನಾನು ಧನ್ಯ, ಅಂತ ಹೇಳ್ಯಾರ್ರಿ" ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ಮಾಮಾನಿಗೆ ಅರಬ್ಬಿಯ ಒಂದಕ್ಷರವೂ ಬರುತ್ತಿರಲಿಲ್ಲ.

ಉಪ್ಪಿಟ್ಟಿನ ಹೊತ್ತಿಗೆ ಮೆಟ್ಟಿಲ ಹತ್ತಿರ ಅವನು ನಿಲುವಂಗಿ ಕಳಚಿ ಮಡಿಸುತ್ತಿದ್ದ. ನಾನು ತಟ್ಟೆ ಕೊಟ್ಟು, "ನಿಜವಾಗಿ ಏನು ಹೇಳಿದಿರಿ?" ಎಂದು ಕೇಳಿದೆ.

"ನನ್ನ ಹೆಸರು ಇದ್ರೀಸ್, ನಾನು ಫಾರ್ಮಸಿ ಓದುತ್ತೇನೆ. ಶುಕ್ರವಾರ ನನ್ನ ರೂಮು ಬಿಡಬೇಕು. ಇಷ್ಟು ಜನ ಇದ್ದೀರಿ, ಯಾರಾದರೂ ನನಗೊಂದು ಕೋಣೆ ಕೊಡುತ್ತೀರಾ ಎಂದು ಕೇಳಿದೆ" ಅಂದ. ನಿಲುವಂಗಿಯ ತೋಳು ಒಳಕ್ಕೆ ಮಡಿಸುತ್ತ, "ಯಾರಿಗೂ ತಿಳಿಯುವುದಿಲ್ಲ ಅಂತ ಗೊತ್ತಿತ್ತು. ಇಲ್ಲದಿದ್ದರೆ ಕೇಳುವ ಧೈರ್ಯ ಬರುತ್ತಿರಲಿಲ್ಲ" ಎಂದ.

ನಾನು ಓಡಿಹೋಗಿ ಮಾಮಾನಿಗೆ ಹೇಳಿದೆ. ಅವರು ಹಾರ ತೆಗೆದು ಕುರ್ಚಿಗೆ ಹಾಕುತ್ತಿದ್ದರು. "ಛಲೋ ಹುಡುಗ ಅದಾನ, ಇಲ್ಲ ಅನ್ನೂದಿಲ್ಲ. ಆದ್ರ ಮನ್ಯಾಗ ಇಟ್ಕೊಳ್ಳೂದು ಬ್ಯಾರೆ ಮಾತು. ಓಣಿಯ ಮಂದಿ ಏನಂತಾರ? ಏನ್ ತಿಂತಾನೋ, ಏನ್ ಬೇಯಸ್ತಾನೋ. ನೀನ ಹೇಳಿಬಿಡು ತಂಗಿ. ನಿನ್ನ ಇಂಗ್ಲಿಷ್ ಮೆತ್ತಗದ."

ಅವನು ಬೇಯಿಸುತ್ತಿದ್ದುದು ಏನೂ ಇಲ್ಲ, ತಿನ್ನುತ್ತಿದ್ದುದು ಶೀನಣ್ಣನ ಇಡ್ಲಿ ಎಂದು ನಾನು ಹೇಳಬಹುದಿತ್ತು. ಮೂರು ದಿನದ ಅತಿಥಿಯ ಡೇರೆ ಎಲ್ಲಿಗೆ ಹೋಯಿತು ಮಾಮಾ ಎಂದು ಕೇಳಬಹುದಿತ್ತು. ನಾನು ಮಾಡಿದ್ದೇನು? ಮೆಟ್ಟಿಲ ಹತ್ತಿರ ಹೋಗಿ, ನನ್ನ ಮೆತ್ತಗಿನ ಇಂಗ್ಲಿಷಿನಲ್ಲಿ, ಬೆಳಗಾವಿಯಿಂದ ನಮ್ಮ ನೆಂಟರ ಹುಡುಗ ಓದಲಿಕ್ಕೆ ಬರುತ್ತಿದ್ದಾನೆ, ಕೋಣೆ ಅವನಿಗೆ ಹೋಗಿಬಿಟ್ಟಿದೆ ಎಂದೆ. ಅಂಥ ಹುಡುಗ ಬೆಳಗಾವಿಯಲ್ಲಿ ಇರಲಿಲ್ಲ.

ಇದ್ರೀಸ್ ನನ್ನ ಮುಖವನ್ನೇ ನೋಡಿದ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಅತ್ಬರಾದಲ್ಲಿ ನಮ್ಮ ಮನೆಯಲ್ಲೂ ಒಂದು ಕೋಣೆ ಇದೆ" ಅಂದ. "ನಮ್ಮ ದೇಶದ ದಕ್ಷಿಣ ಸೀಮೆಯ ಹುಡುಗನೊಬ್ಬ ಕೇಳಿಕೊಂಡು ಬಂದಿದ್ದ, ನನಗಿಂತ ಕಪ್ಪಗಿದ್ದ, ಬೇರೆ ಧರ್ಮದವನು. ನನ್ನ ತಾಯಿ ಒಳ್ಳೆಯ ಹೆಂಗಸು. ಸೋದರಳಿಯ ಬರುತ್ತಿದ್ದಾನೆ ಅಂತ ಹೇಳಿದಳು. ನಾನು ಅಲ್ಲೇ ನಿಂತಿದ್ದೆ. ನನಗೆ ಯಾವ ಸೋದರಳಿಯನೂ ಗೊತ್ತಿರಲಿಲ್ಲ."

ದೇಶದೇಶಗಳ ಜನಜೀವನದ ಬಗ್ಗೆ ಎರಡು ವರ್ಷ ಕಾಗದ ಖರ್ಚುಮಾಡಿದ ನಾನು ಕಲಿತದ್ದು ಈ ಒಂದೇ ಸಂಗತಿ. ಜಪಾನಿನವನ ಶಿಸ್ತು, ರಷ್ಯಾದವನ ದುಃಖ, ಎಲ್ಲ ಸುಳ್ಳಿದ್ದೀತು. ನೆಂಟರ ಹುಡುಗ ಬರುತ್ತಾನೆ ಎನ್ನುವುದು ಮಾತ್ರ ಎಲ್ಲ ರಾಷ್ಟ್ರಗಳ ಸಮಾನ ಆಚಾರ, ಅದನ್ನು ನಡೆಸಿಕೊಂಡು ಬರುವವರು ನಮ್ಮಂಥ ಒಳ್ಳೆಯ ಹೆಂಗಸರು.

ಅವನನ್ನು ಇಟ್ಟುಕೊಂಡವನು ಶೀನಣ್ಣ. ಹೋಟೆಲಿನ ಹಿಂದೆ ಕೆಲಸದವರು ಮಲಗುವ ಉದ್ದನೆಯ ಕೋಣೆಯಲ್ಲಿ ಒಂದು ಮಂಚ ಹಾಕಿಸಿದ. ನಾನು ನಾಚಿಕೆಯಿಂದ ಅವರ ಆಚಾರ ವಿಚಾರ ಬೇರೆ ಅಲ್ಲವೇ ಎಂದೇನೋ ತೊದಲಿದಾಗ, "ಎಂತ ಆಚಾರ ಮಾರಾಯ್ರೆ? ನಮ್ಮ ಅಡುಗೆಯವರ ಗೊರಕೆಗೆ ಅವನಿಗೆ ನಿದ್ದೆ ಬಂದ್ರೆ ಆಯ್ತು" ಅಂದ. ಇದ್ರೀಸ್ ಎರಡು ವರ್ಷ ಅಲ್ಲಿದ್ದು, ಪರೀಕ್ಷೆ ಮುಗಿಸಿ ಹೋದ. ಹೋಗುವಾಗ ಅವನಿಗೆ ಕುಂದಾಪುರದ ಬೈಗುಳಗಳೆಲ್ಲ ಬರುತ್ತಿದ್ದವು. ನನ್ನನ್ನು ಕಂಡು ಹೇಳಿ ಹೋಗಲಿಲ್ಲ. ಯಾಕೆ ಹೇಳಬೇಕು?

ಮಾಮಾನ ಉಪನ್ಯಾಸಗಳು ಪುಸ್ತಕವಾದವು. ವೇದಿಕೆಯ ಫೋಟೋದ ಕೆಳಗೆ 'ನೈಲ್ ತೀರದ ಅಲೆಮಾರಿ' ಎಂದು ಅಚ್ಚಾಯಿತು. ಅಕ್ಷರ ತಿದ್ದಿಕೊಟ್ಟವಳು ನಾನು. ಮಾಮಾನಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೇಲಿನ ಕೋಣೆ ಒಂದು ವರ್ಷ ಖಾಲಿ ಬಿದ್ದಿತ್ತು. ಅವರು ತೀರಿಕೊಂಡು ಈಗ ಬಹಳ ಕಾಲವಾಯಿತು.

ಕೊಂಢವಾದಲ್ಲಿ ನಮ್ಮದೊಂದು ಸಣ್ಣ ಫ್ಲ್ಯಾಟಿದೆ. ಈ ವಾರ ಅದರ ಏಜೆಂಟ್ ಫೋನ್ ಮಾಡಿದ. "ಮ್ಯಾಡಮ್, ಫ್ಯಾಮಿಲಿ ನಾಹೀ. ಟಾಂಜಾನಿಯಾಚಿ ಮುಲಗಿ ಆಹೆ, ಕಾಯದಾ ಶಿಕತೆ. ಚಾಲೇಲ್ ಕಾ?" ಕುಟುಂಬವಲ್ಲ, ಟಾಂಜಾನಿಯಾದ ಹುಡುಗಿ, ಕಾನೂನು ಓದುವವಳು, ನಡೆದೀತೇ ಎಂದು ಕೇಳಿದ್ದು. ಇಷ್ಟು ವರ್ಷ ಇಂಥ ಪ್ರಶ್ನೆಗೆ ನನ್ನದು ಸಿದ್ಧ ಉತ್ತರ: ಮನೆ ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆ. ಈ ಸಲ ನಡೆದೀತು ಅಂದೆ. ಅನ್ನುತ್ತಲೇ ನನ್ನ ಬಗ್ಗೆ ನನಗೇ ಎಷ್ಟು ಅಭಿಮಾನ ಉಕ್ಕಿತೆಂದರೆ, ಮನೆ ತೋರಿಸಲು ಸ್ವತಃ ಹೋದೆ, ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು.

ನೀಮಾ ಎಂಬ ಆ ಹುಡುಗಿ ಕಿಟಕಿ ತೆಗೆದು ನೋಡಿದಳು, ನಲ್ಲಿ ತಿರುಗಿಸಿದಳು. ಬಚ್ಚಲ ಗೋಡೆಗೆ ಅಂಗೈ ಒತ್ತಿ ಹಿಡಿದಳು.

"ಇಲ್ಲಿ ನೀರು ಜಿನುಗುತ್ತಿದೆ, ಆಂಟಿ. ಅಡುಗೆಮನೆಯಲ್ಲಿ ಗಾಳಿಯೂ ಇಲ್ಲ. ಇನ್ನೆರಡು ಮನೆ ನೋಡುವುದಿದೆ. ಯೋಚಿಸಿ ಹೇಳುತ್ತೇನೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಎರಡು ದಿನವಾಯಿತು, ಫೋನ್ ಬಂದಿಲ್ಲ. ನಿನ್ನೆ ಪ್ಲಂಬರನನ್ನು ಕರೆಸಿ ಗೋಡೆ ಒಡೆಸಿ ಪೈಪು ಬದಲಿಸಿದ್ದೇನೆ. ಗಾಳಿಗೆ ಒಂದು ಫ್ಯಾನ್ ಕೂರಿಸಿದರೆ ಅವಳಿಗೆ ಒಪ್ಪಿಗೆಯಾದೀತೇ ಎಂದು ಏಜೆಂಟನಿಗೆ ಕೇಳಿ ಕಳಿಸಿದ್ದೇನೆ.