ಸರೋಜಳಿಗೆ ತಂದ ಕೆಂಗಂದು ಕುದುರೆ

ಹುರುಳಿ ಬೇಯುವ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಊಟ ನೆನಪಾಗುವುದಿಲ್ಲ, ಚಿಂತಾಮಣಿ ಸೀಮೆಯ ನಮ್ಮ ಹಳೇ ಮನೆಯ ಹಿತ್ತಿಲು ನೆನಪಾಗುತ್ತದೆ. ಅಲ್ಲಿ ನುಗ್ಗೆಮರದಡಿ ಅವ್ವ ಕುದುರೆಗೆಂದು ಹಂಡೆಯಲ್ಲಿ ಹುರುಳಿ ಬೇಯಿಸುತ್ತಿದ್ದಳು. ಕುದುರೆ ದೊಡ್ಡಪ್ಪನ ಮಗಳು ಸರೋಜಳದು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಪೋಲಿಯೊ ಬಂದು ಅವಳ ಎಡಗಾಲು ಸೊರಗಿತ್ತು, ನಾಲಿಗೆ ಮಾತ್ರ ಬಲು ಚುರುಕು. ಎಂಬತ್ತರ ದಶಕದ ನಡುವಿನ ಮಾತು. ಹೈಸ್ಕೂಲು ಮೂರು ಮೈಲಿ ದೂರ, ಬಸ್ಸು ನಮ್ಮೂರಿಗೆ ಬರುತ್ತಿರಲಿಲ್ಲ. ಓದು ಬಿಡಿಸಬಾರದೆಂದು ಅವಳು ಎರಡು ದಿನ ಅನ್ನ ಬಿಟ್ಟ ಮೇಲೆ ದೊಡ್ಡಪ್ಪ ಕುದುರೆ ತರಲು ಒಪ್ಪಿದ.

ದೊಡ್ಡಪ್ಪ, ಸರೋಜ, ನಾನು ಮೂವರೂ ಮುರುಗಮಲ್ಲಕ್ಕೆ ಹೋದೆವು. ದರ್ಗಾದ ಹಿಂದಿನ ಓಣಿಯಲ್ಲಿ ಜಟಕಾ ಓಡಿಸುತ್ತಿದ್ದ ಅಣ್ಣತಮ್ಮಂದಿರಿದ್ದರು. ಅಣ್ಣ ಕುದುರೆಯನ್ನು ತಂದು ಬಿಸಿಲಿಗೆ ನಿಲ್ಲಿಸಿದ. ಮೈಯೂ ಕತ್ತಿನ ಕೂದಲೂ ಒಂದೇ ಬಣ್ಣ, ಆಗಷ್ಟೇ ಗೂಡಿನಿಂದ ತೆಗೆದ ಇಟ್ಟಿಗೆಯ ಕೆಂಪು. ಮೊದಲು ಮುಟ್ಟಿದವಳು ನಾನು. ಅದು ನನ್ನ ಅಂಗೈಗೆ ಬಿಸಿಯುಸಿರು ಬಿಟ್ಟಿತು. ಆ ಕ್ಷಣಕ್ಕೇ ಅದು ನನ್ನದೆಂದುಕೊಂಡೆ.

"ಒದೆಯಲ್ವಾ?" ಎಂದ ದೊಡ್ಡಪ್ಪ.

"ಚಾಲಾ ಮಂಚಿದಿ ಯಜಮಾನ್ರೇ, ಬಲು ಸಾಧು. ಬಸ್ಸು ಜಾಸ್ತಿ ಆದ್ವು, ಜಟಕಾ ಯಾರೂ ಹತ್ತಲ್ಲ. ಅದಕ್ಕೇ ಕೊಡ್ತಿದ್ದೀನಿ, ಇಲ್ದಿದ್ರೆ ಕೊಡ್ತಿರ್ಲಿಲ್ಲ," ಎಂದು ಅಣ್ಣ ಮುಖ ತಿರುಗಿಸಿಕೊಂಡ. ಅವನ ತಮ್ಮ ಸರೋಜಳನ್ನು ಎತ್ತಿ ಕೂರಿಸಿದ. ಕುದುರೆ ಕಿವಿ ಕೂಡ ಅಲ್ಲಾಡಿಸಲಿಲ್ಲ. "ನಾನೂ ಹತ್ತಲಾ ದೊಡ್ಡಪ್ಪ?" ಎಂದೆ. "ನಿಂಗೆ ಕಾಲಿದೆಯಲ್ಲಮ್ಮ," ಎಂದ ದೊಡ್ಡಪ್ಪ, ಪ್ರೀತಿಯಿಂದಲೇ.

ಆ ಮಾತು ನನ್ನನ್ನು ಸುಟ್ಟಿತು. ಒಂದು ವಾರ ನಾನೂ ಮನೆಯಲ್ಲಿ ಕುಂಟಿದೆ. ಅವ್ವ ಬೆನ್ನಿಗೊಂದು ಗುದ್ದಿದಳು. ದಿನಾ ಬೆಳಿಗ್ಗೆ ಸರೋಜ ಮೇಲೆ, ನಾನು ಕೆಳಗೆ, ಗೆಳತಿಯರ ಜೊತೆ ಧೂಳಿನಲ್ಲಿ. ದಾರಿಯವರೆಲ್ಲ ಅವಳನ್ನೇ ನೋಡುತ್ತಿದ್ದರು. ಕೊನೆಗೊಂದು ದಿನ, ಗಂಡಸರೆಲ್ಲ ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋಗಿದ್ದಾಗ, ಗೂಟದ ಹಗ್ಗ ಬಿಚ್ಚಿಬಿಟ್ಟೆ. ಅವತ್ತು ಅವಳಿಗೆ ಪರೀಕ್ಷೆ ಇರುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಿಚ್ಚಿದೆ.

ಖಾಲಿ ಗೂಟ ನೋಡಿ ಸರೋಜ ಅಳಲಿಲ್ಲ. "ನಡಿ, ಹೋಗಣ," ಎಂದು ನನ್ನ ಭುಜ ಹಿಡಿದಳು. ಹತ್ತು ಹೆಜ್ಜೆಗೊಮ್ಮೆ ಅವಳ ಭಾರವೆಲ್ಲ ನನ್ನ ಮೇಲೆ ಬೀಳುತ್ತಿತ್ತು. ಗೆಳತಿಯರು ಅವಳ ಪುಸ್ತಕ ಹೊತ್ತರು. ಹೊಂಗೆಮರದಡಿ ಕೂತಾಗ ಅವಳ ಹಿಮ್ಮಡಿ ಒಡೆದು ರಕ್ತ ಬಂದಿತ್ತು.

"ಬಿಚ್ಚಿದ್ದು ನೀನೇ ಕಣೇ. ಅಪ್ಪಂಗೆ ಹೇಳಲ್ಲ ಬಿಡು," ಎಂದಳು ಮೆಲ್ಲಗೆ. ಆಮೇಲೆ ಮುಂದೆ ನಗುತ್ತ ನಿಂತಿದ್ದ ಹುಡುಗಿಯರನ್ನು ನೋಡಿ, "ಮೇಲೆ ಕೂತ್ರೆ ನಿಮ್ ಮಾತು ಒಂದೂ ಕೇಳ್ಸಲ್ಲ. ಅಷ್ಟು ನಗೋದು ಯಾತಕ್ಕೆ ಅಂತ ದಿನಾ ಹೊಟ್ಟೆ ಉರೀತಿತ್ತು," ಎಂದಳು.

ಪರೀಕ್ಷೆಗೆ ತಡವಾಗಿ ಹೋದರೂ ಪಾಸಾದಳು. ಕುದುರೆ ಸಂಜೆಗೆ ಪಕ್ಕದವರ ಹಿಪ್ಪುನೇರಳೆ ತೋಟದಲ್ಲಿ ಸಿಕ್ಕಿತು. ಅಂದಿನಿಂದ ಕೆರೆ ಏರಿ ಬಂದ ಕೂಡಲೇ ಅವಳು ಇಳಿಯುತ್ತಿದ್ದಳು, ನಾನು ಹತ್ತುತ್ತಿದ್ದೆ. ಹುಡುಗಿಯರ ಭುಜ ಹಿಡಿದು ನಗುನಗುತ್ತ ಅವಳು ಏರಿಯುದ್ದಕ್ಕೂ ನಡೆಯುತ್ತಿದ್ದಳು. ಮೇಲೆ ಕೂತ ನನಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ.

ಈಗ ಆ ಮನೆಯಿಲ್ಲ. ದೊಡ್ಡಪ್ಪನಿಲ್ಲ, ಅವ್ವನಿಲ್ಲ. ತೊಂಬತ್ತರ ದಶಕದಲ್ಲಿ ಊರಿಗೆ ಬಸ್ಸು ಬಂದ ವರ್ಷವೇ ಕುದುರೆಯೂ ಸತ್ತಿತು. ನಿಮ್ಮ ಮನೆಯಲ್ಲೂ ಹೀಗೆ ಒಬ್ಬೊಬ್ಬರೇ ಎದ್ದು ಹೋಗಿರಬಹುದು. ಟೀಚರಾಗಿದ್ದ ಸರೋಜ ಹೋದ ವರ್ಷ ತೀರಿಕೊಂಡಳು. ಅವಳ ಬಳಿ ಓದಿದವರು ಎಲ್ಲೆಲ್ಲಿಂದಲೋ ಬಂದು ಸುತ್ತ ನೆರೆದಿದ್ದರು. ನನಗೆ ಅವಳ ಹತ್ತಿರ ನಿಲ್ಲಲೂ ಜಾಗವಿರಲಿಲ್ಲ. ಗುಂಪಿನ ಹಿಂದೆ, ಗೋಡೆಗೊರಗಿ ನಿಂತು, ಅವಳನ್ನು ಮುಟ್ಟುತ್ತಿದ್ದ ಆ ಕೈಗಳನ್ನೆಲ್ಲ ನೋಡಿದೆ. ಆಗಲೂ ನನಗೆ ಹೊಟ್ಟೆ ಉರಿಯಿತು.