ಅತ್ತೆಯ ಬಟ್ಟೆಗಂಟು

ಐವತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಮೈಸೂರಿನಿಂದ ಬೊಂಬಾಯಿಯ ಮಾಟುಂಗಕ್ಕೆ ಬಂದು ಎರಡು ವರ್ಷವಾಗಿತ್ತು, ಮೊದಲನೆಯ ಮಗು ಗೋಡೆ ಹಿಡಿದು ನಿಲ್ಲುತ್ತಿತ್ತು. ಯಜಮಾನರು ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತರು. ನಮಗಿದ್ದದ್ದು ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಸಾಲಿನ ಐದು ಮನೆಗಳಿಗೂ ಸೇರಿ ಬಚ್ಚಲು ಎರಡೇ. ನಲ್ಲಿಯಲ್ಲಿ ಬೆಳಿಗ್ಗೆ ಐದಕ್ಕೆ ಬಂದ ನೀರು ಏಳಕ್ಕೆ ನಿಂತುಹೋಗುತ್ತಿತ್ತು. ಅಷ್ಟರೊಳಗೆ ಎಲ್ಲರ ಸ್ನಾನ, ಬಟ್ಟೆ, ಕುಡಿಯುವ ನೀರು ಮುಗಿಯಬೇಕು. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದದ್ದು ಈ ಮನೆಗೆ.

ಅತ್ತೆ ಬಡಕಲು ಹೆಂಗಸು, ಮಾತು ಕಡಿಮೆ. ಕೆಲಸಕ್ಕೆ ಹಿಂದೆಗೆಯುತ್ತಿರಲಿಲ್ಲ. ಆದರೆ ಕುಕ್ಕರಗಾಲಲ್ಲಿ ಕೂತು ಮಾಡುವ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ನೆಲ ಒರೆಸುವುದು, ಬಟ್ಟೆ ಒಗೆಯುವುದು ಎಲ್ಲ ನನ್ನ ಪಾಲಿಗೆ. ಮೆಟ್ಟಿಲು ಹತ್ತುವಾಗ ಮಹಡಿಗೊಮ್ಮೆ ನಿಂತು ಗೋಡೆಗೆ ಒರಗುತ್ತಿದ್ದರು. ನಾನು ಅದನ್ನು ಹಿರಿಯ ಸೊಸೆಯ ಮನೆಯಲ್ಲಿ ಮಾಡಿಸಿಕೊಂಡು ಅಭ್ಯಾಸವಾದವರ ಠೀವಿ ಅಂದುಕೊಂಡೆ. ಇಪ್ಪತ್ತೊಂದು ವರ್ಷದವಳಿಗೆ ಇನ್ನೊಬ್ಬರ ಮೈಯಲ್ಲಿ ನೋವಿರಬಹುದೆಂದು ಹೊಳೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಬಚ್ಚಲಿನದು. ಅತ್ತೆ ಒಳಗೆ ಹೋದರೆ ಅರ್ಧ ಗಂಟೆ. ಹೊರಗೆ ಕೊಡ ಹಿಡಿದವರ ಸಾಲು, ಗೊಣಗಾಟ. ಒಂದು ದಿನ ಪಕ್ಕದ ಮನೆಯ ಗುಜರಾತಿ ಹೆಂಗಸು ನನ್ನ ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟಳು. ಆ ಸಿಟ್ಟಿನಲ್ಲಿ ನಾನು ಬಾಗಿಲು ಬಡಿದೆ.

"ಅಷ್ಟು ಹೊತ್ತು ಒಳಗೇನು ಮಾಡ್ತೀರಾ ಅತ್ತೆ? ಇದು ನಿಮ್ಮ ಮೈಸೂರಿನ ಹಂಡೆಮನೆ ಅಲ್ಲ. ಐದು ಮನೆಯವರು ಕಾಯ್ತಾ ಇದ್ದಾರೆ!"

ಸ್ವಲ್ಪ ಹೊತ್ತಿಗೆ ತಲೆ ತಗ್ಗಿಸಿಕೊಂಡು ಹೊರಬಂದರು. ಆ ಸಾಲಿನ ಮುಂದೆ ನಡೆದುಹೋದ ಅವರ ಬೆನ್ನು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮರುದಿನದಿಂದ ಅವರು ನಲ್ಲಿ ಬರುವ ಮೊದಲೇ ಎದ್ದು, ಹಿಂದಿನ ದಿನದ ತಣ್ಣೀರು ಒಂದು ಬಕೆಟ್ ಹಿಡಿದು ಸ್ನಾನಕ್ಕೆ ಹೋಗತೊಡಗಿದರು. ನನಗೆ ಅನುಕೂಲವೇ ಆಯಿತು.

ಅವರ ಟ್ರಂಕಿನ ಪಕ್ಕ ಒಂದು ಗಂಟು ಇರುತ್ತಿತ್ತು. ಹಳೆಯ ನೂಲಿನ ಸೀರೆಯನ್ನು ಉದ್ದುದ್ದ ಹರಿದ ಪಟ್ಟಿಗಳು, ಮಾವನ ಸವೆದ ಪಂಚೆಯ ತುಂಡುಗಳು. ಮುಟ್ಟು ನಿಂತ ಹೆಂಗಸಿಗೆ ಇದೆಲ್ಲ ಯಾಕೆ ಎಂದು ಮನಸ್ಸಿನಲ್ಲೇ ಅಂದುಕೊಂಡೆನೇ ಹೊರತು ಅವರನ್ನು ಕೇಳಲಿಲ್ಲ. ಒಂದು ಮಧ್ಯಾಹ್ನ ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬುಟ್ಟಿ ಹೊತ್ತು ಮಹಡಿಗೆ ಬಂದಳು. ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ನನ್ನ ಎರಡು ಸೀರೆಗಳ ಜೊತೆ ಆ ಗಂಟನ್ನೂ ಹಾಕಿ ಮುಚ್ಚಳವಿರುವ ಒಂದು ಡಬ್ಬ ತೆಗೆದುಕೊಂಡೆ.

ಸಂಜೆ ಅತ್ತೆ ಕೇಳಿದರು. "ಇಲ್ಲೊಂದು ಗಂಟಿತ್ತಲ್ಲ ಕಣೇ?"

"ಆ ಚಿಂದಿನಾ? ಪಾತ್ರೆಯವಳಿಗೆ ಕೊಟ್ಟುಬಿಟ್ಟೆ. ಒಳ್ಳೇ ಡಬ್ಬ ಬಂತು ನೋಡಿ."

ಅವರು ಡಬ್ಬವನ್ನು ನೋಡಿದರು, ನನ್ನನ್ನು ನೋಡಿದರು. "ಆಗಲಿ ಬಿಡು" ಅಂದು ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತರು. ನಾಲ್ಕು ದಿನ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಐದನೆಯ ದಿನ, ಉಡುವಂತಿದ್ದ ಒಂದು ಸೀರೆಯನ್ನೇ ಹರಿಯುತ್ತ ಕೂತಿದ್ದರು. ಬುದ್ಧಿ ಮಂಕಾಗುತ್ತಿದೆಯೇನೋ ಎಂದು ಯಜಮಾನರ ಹತ್ತಿರ ಚಾಡಿಯ ಹಾಗೆ ಹೇಳಿದೆ.

ಮುಂದಿನ ವರ್ಷ ನನಗೆ ಎರಡನೆಯ ಹೆರಿಗೆಯಾಯಿತು. ತವರಿಗೆ ಹೋಗುವ ಹಾಗಿರಲಿಲ್ಲ, ಬಾಣಂತನ ಮಾಡಿದ್ದು ಅತ್ತೆಯೇ. ಮೈಗೆ ಎಣ್ಣೆ ತಿಕ್ಕಿ, ಬಿಸಿನೀರು ಹೊತ್ತು ತಂದು ಹಾಕಿ, ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುತ್ತಿದ್ದರು. "ಹಸಿ ಮೈ ಕಣೇ, ಭಾರ ಎತ್ತಬೇಡ. ಎತ್ತಲೇಬೇಡ" ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರು. ಹಳೆಯ ಕಾಲದವರ ಕಟ್ಟುಪಾಡು ಎಂದು ನಾನು ಅವರ ಕಣ್ಣು ತಪ್ಪಿಸಿ ತುಂಬಿದ ಬಕೆಟ್ಟುಗಳನ್ನು ಎತ್ತಿದೆ.

ಎರಡು ತಿಂಗಳಾಗುವ ಹೊತ್ತಿಗೆ ಕೆಳಹೊಟ್ಟೆಯಲ್ಲಿ ಏನೋ ಜಗ್ಗಿದ ಹಾಗೆ, ಒಳಗಿನದೇನೋ ಜಾರಿ ಬರುವ ಹಾಗೆ ಅನ್ನಿಸತೊಡಗಿತು. ಹೆದರಿ ಎದುರು ಮನೆಯ ಅಕ್ಕನಿಗೆ ಹೇಳಿದೆ. ಅವರು ಉಡುಪಿ ಕಡೆಯವರು, ಗಂಡ ಹೋಟೆಲಿನಲ್ಲಿ ಅಡಿಗೆಯವರು.

"ಎಂತ ಮಾರಾಯ್ತಿ, ಇದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಳ್ಳುದಾ? ದಾದರದಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ದಾರೆ. ನಾಳೆಯೇ ಹೋಗುವ."

ಡಾಕ್ಟರು ನರೆಗೂದಲಿನ ಮರಾಠಿ ಹೆಂಗಸು. ಪರೀಕ್ಷೆ ಮಾಡಿ, ಕೈ ತೊಳೆದು, ನನ್ನೆದುರು ಸ್ಟೂಲು ಎಳೆದುಕೊಂಡು ಕೂತರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ಅಕ್ಕ ಕನ್ನಡದಲ್ಲಿ ಹೇಳುತ್ತಿದ್ದರು.

"ಗರ್ಭಕೋಶ ಸ್ವಲ್ಪ ಇಳಿದಿದೆಯಂತೆ. ಈಗಷ್ಟೇ ಶುರು, ಹೆದರ್ಲಿಕ್ಕಿಲ್ಲ. ಉಚ್ಚೆ ತಡೆದು ಹಿಡಿಯುದಿಲ್ವಾ, ಹಾಗೆ ಒಳಗಿಂದ ಬಿಗಿ ಮಾಡ್ಬೇಕಂತೆ. ಐದು ಎಣಿಸಿ ಬಿಡುದು. ಬೆಳಿಗ್ಗೆ ಸಂಜೆ ಹತ್ತತ್ತು ಸಲ. ಉಸಿರು ಕಟ್ಟಬಾರದು."

ಡಾಕ್ಟರು ನನ್ನನ್ನೇ ನೋಡುತ್ತ ಇನ್ನೇನೋ ಹೇಳಿದರು. ಅಕ್ಕ ಸ್ವಲ್ಪ ನಾಚಿಕೊಂಡರು.

"ಮಕ್ಕಳ ಮೈ ದಿನಾ ನೋಡ್ತೀರಿ, ನಿಮ್ಮ ಮೈ ನೋಡುದಿಲ್ಲ ಅಂತ ಬೈತಿದ್ದಾರೆ. ಸ್ನಾನ ಮಾಡುವಾಗ ಒಂದು ಗಳಿಗೆ ಸುಮ್ಮನೆ ಕೂರ್ಬೇಕಂತೆ. ಎಲ್ಲಿ ನೋವುಂಟು, ಎಲ್ಲಿ ಬಿಗಿ ಉಂಟು ಅಂತ ಕೈಯಿಟ್ಟು ನೋಡ್ಬೇಕಂತೆ. ಅದರಲ್ಲಿ ನಾಚಿಕೆ ಎಂತದ್ದು ಅಂತ."

ಆಮೇಲೆ ಡಾಕ್ಟರು, ಹೀಗೆ ನೋಡಿಕೊಳ್ಳದೆ ಬಿಟ್ಟರೆ ಏನಾಗುತ್ತದೆಂದು ವಿವರಿಸಿದರು. ಕುಕ್ಕರಗಾಲಲ್ಲಿ ಕೂರಲಾಗುವುದಿಲ್ಲ. ಮೆಟ್ಟಿಲು ಹತ್ತಲಾಗುವುದಿಲ್ಲ. ಹೊರಬಂದದ್ದನ್ನು ಕೈಯಿಂದ ಒಳಗೆ ತಳ್ಳಿ ಬಟ್ಟೆ ಬಿಗಿದು ಕಟ್ಟಿಕೊಂಡು ಓಡಾಡುವ ಹೆಂಗಸರಿದ್ದಾರೆ, ಮೂತ್ರಕ್ಕೂ ಒದ್ದಾಡುತ್ತಾರೆ. ಅಕ್ಕ ಒಂದೊಂದನ್ನೇ ಹೇಳುತ್ತ ಹೋದರು. ಅವರು ಹೇಳುತ್ತಿದ್ದದ್ದು ನನ್ನ ಅತ್ತೆಯ ದಿನಚರಿಯನ್ನು.

ಮನೆಗೆ ಬಂದಾಗ ಅತ್ತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದರು. ಡಾಕ್ಟರು ನನಗೆ ಹೇಳಿದ್ದನ್ನೆಲ್ಲ ಹೇಳಿದೆ. ಆಮೇಲೆ ಧೈರ್ಯ ಮಾಡಿ ಕೇಳಿದೆ.

"ಅತ್ತೆ, ನಿಮಗೂ ಹೀಗೇ ಇದೆಯಾ?"

ಅವರು ಮಗುವಿನ ಕಾಲು ನೀವಿದರು.

"ನಿನ್ನ ಗಂಡ ಹುಟ್ಟಿದಾಗಿನಿಂದ" ಅಂದರು.

ಇಪ್ಪತ್ತೆಂಟು ವರ್ಷ.

"ಯಾರಿಗೂ ಹೇಳಲಿಲ್ವಾ? ಮಾವನವರಿಗೆ?"

"ಅವರಿಗೆ ಏನೂಂತ ಹೇಳಲಿ? ನನಗೇ ಅದೇನೂಂತ ಗೊತ್ತಿರಲಿಲ್ಲ. ಎಲ್ಲ ಹೆಂಗಸರಿಗೂ ಹೀಗೇ ಇರುತ್ತೇನೋ ಅಂದ್ಕೊಂಡಿದ್ದೆ. ಆ ಕಡೆ ನೋಡೋದೇ ಪಾಪ ಅನ್ನೋ ಹಾಗೆ ಬೆಳೆಸಿದ್ರು ನಮ್ಮನ್ನ."

ಬಟ್ಟೆಗಂಟಿನ ವಿಷಯಕ್ಕೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಮಗು ಅತ್ತಿತು. ಹಾಲು ಕುಡಿಸಲು ಎತ್ತಿಕೊಂಡೆ. ಆ ಮಾತು ಅಲ್ಲೇ ಉಳಿಯಿತು.

ಅತ್ತೆಯನ್ನು ಡಾಕ್ಟರ ಹತ್ತಿರ ಹೊರಡಿಸಲು ಒಂದು ತಿಂಗಳೇ ಹಿಡಿಯಿತು. ಆಪರೇಷನ್ನಿಗೆ ಅವರು ಸುತರಾಂ ಒಪ್ಪಲಿಲ್ಲ. ಡಾಕ್ಟರು ರಬ್ಬರಿನ ಒಂದು ಬಳೆಯನ್ನು ಒಳಗಿಟ್ಟು ಗರ್ಭಕೋಶ ಇಳಿಯದ ಹಾಗೆ ಮಾಡಿದರು. ನಾಲ್ಕು ತಿಂಗಳಿಗೊಮ್ಮೆ ಬಂದು ತೆಗೆಸಿ, ತೊಳೆಸಿ, ಮತ್ತೆ ಇಡಿಸಿಕೊಳ್ಳಬೇಕು, ಮರೆಯಕೂಡದು ಎಂದು ನನಗೆ ಎರಡೆರಡು ಸಲ ಹೇಳಿದರು.

ಆ ದಿನ ಅತ್ತೆ ಮೂರು ಮಹಡಿಯನ್ನೂ ಎಲ್ಲೂ ನಿಲ್ಲದೆ ಹತ್ತಿದರು. ಮೇಲೆ ಬಂದು, ಏನೋ ತಪ್ಪು ಮಾಡಿದವರ ಹಾಗೆ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೆಳಿಗ್ಗೆ ಸ್ನಾನಕ್ಕೆ ಮೊದಲು ನಾವಿಬ್ಬರೂ ಅಡಿಗೆಮನೆಯಲ್ಲಿ ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಎಣಿಸುತ್ತ ಡಾಕ್ಟರು ಹೇಳಿದ ಹಾಗೆ ಮಾಡುತ್ತಿದ್ದೆವು. ಯಜಮಾನರು ಧ್ಯಾನವೆಂದು ತಿಳಿದು ಸದ್ದು ಮಾಡದೆ ಓಡಾಡುತ್ತಿದ್ದರು.

ಹೀಗೆ ಎಂಟು ತಿಂಗಳು. ಅಷ್ಟರಲ್ಲಿ ಭಾವನ ಮಗಳ ಮದುವೆ ಗೊತ್ತಾಗಿ, ಅತ್ತೆ ಮೈಸೂರಿಗೆ ಹೊರಟರು. ಅಲ್ಲೇ ಉಳಿದರು. ನಾಲ್ಕು ತಿಂಗಳು ಕಳೆದಾಗ, ಬಳೆ ತೆಗೆಸಿ ತೊಳೆಸಬೇಕೆಂದು ವಾರಗಿತ್ತಿಗೆ ಬರೆಯಲು ಕೂತೆ. ಆ ಮನೆಯಲ್ಲಿ ಬಂದ ಕಾಗದವನ್ನು ಭಾವನವರು ನಡುಮನೆಯಲ್ಲಿ ಎಲ್ಲರಿಗೂ ಓದಿ ಹೇಳುವ ಪದ್ಧತಿ. ಗಂಡಸಿನ ಬಾಯಲ್ಲಿ ಅದನ್ನು ಹೇಗೆ ಓದಿಸಲಿ? ಎರಡು ಸಲ ಬರೆದು ಹರಿದೆ. ಕೊನೆಗೆ "ಅತ್ತೆಯ ಆರೋಗ್ಯ ನೋಡಿಕೊಳ್ಳಿ" ಎಂದಷ್ಟೇ ಬರೆದೆ. ತಿಳಿಯದೆ ಆಡಿದ ಹಿಂದಿನ ಮಾತುಗಳನ್ನು ಹೇಗೋ ಕ್ಷಮಿಸಿಕೊಂಡೇನು. ಇದು ಎಲ್ಲ ತಿಳಿದ ಮೇಲೆ ಮಾಡಿದ್ದು.

ಎರಡು ವರ್ಷದ ಮೇಲೆ ಅತ್ತೆ ಜ್ವರ ಬಂದು ತೀರಿಕೊಂಡರು. ನಾವು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ವೈಕುಂಠ ಸಮಾರಾಧನೆಯ ಮಾರನೆಯ ದಿನ ಹಿತ್ತಲಲ್ಲಿ ವಾರಗಿತ್ತಿ ಹೇಳಿದರು.

"ಬಂದ ಹೊಸದರಲ್ಲಿ ಲವಲವಿಕೆಯಿಂದ ಇದ್ದರು ಕಣೆ. ಆಮೇಲೆ ಒಂದೇ ಸಮ ರಕ್ತ ಹೋಗೋಕೆ ಶುರುವಾಯ್ತು ಅನ್ಸುತ್ತೆ, ಬಟ್ಟೇಲಿ ಕಲೆ ನೋಡಿದೆ. ಕೇಳಿದರೆ ಬಾಯಿ ಬಿಡಲಿಲ್ಲ. ಡಾಕ್ಟರ್ ಹತ್ತಿರ ಹೋಗೋಣ ಅಂದರೆ, ಅವಳು ಬರಲಿ, ಅವಳಿಗೆ ಗೊತ್ತು ಅಂತಿದ್ದರು."

ಅವಳು ಅಂದರೆ ನಾನು. ಒಗೆಯುವ ಕಲ್ಲಿನ ಮೇಲೆ ಕೂತೆ. ಆಮೇಲೆ ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದೆ: ಜಾರಿದ ಗರ್ಭಕೋಶ, ತೆಗೆಸದೆ ಒಳಗೇ ಉಳಿದ ರಬ್ಬರಿನ ಬಳೆ, ಹರಿದುಹಾಕಿದ ಕಾಗದ. ವಾರಗಿತ್ತಿ ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು.

"ಕೊನೇ ಹೆರಿಗೆ ಆದ ಮೇಲೆ ನನಗೂ ಹಾಗೇ ಆಗುತ್ತೆ" ಅಂದರು. "ಜಗ್ಗಿದ ಹಾಗೆ."

ಮರುದಿನ ಮನೆಯ ಗಂಡಸರಿಗೆ ಕಾರಣವನ್ನು ಸ್ಪಷ್ಟವಾಗಿಯೇ ಹೇಳಿ, ವಾರಗಿತ್ತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟೆ.