ದೊರೆಯ ಬೆಚ್ಚನೆಯ ಕಲ್ಲು

ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದುದು ಫ್ಯಾನಮ್ಮ ಎಂದು. ಸುಟ್ಟುಹೋದ ಫ್ಯಾನುಗಳ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವುದು ಆಕೆಯ ಕಸುಬು. ಮಾವನಿಂದ ಕಲಿತದ್ದು. ಮಾವ ತೀರಿಕೊಂಡ ಮೇಲೆ ಮೇಜು, ಕೈಯಲ್ಲಿ ತಿರುಗಿಸುವ ಸುತ್ತುಯಂತ್ರ, ಗಿರಾಕಿಗಳು ಎಲ್ಲವೂ ಆಕೆಯ ಪಾಲಿಗೇ ಬಂದವು. ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವಿನ ಬಾಗಿಲು ದಾಟಿದರೆ ಸಂಸಾರ.

ಕೆಲಸದಲ್ಲಿ ಆಕೆಗೊಂದು ಹಟವಿತ್ತು. ಯಾಕೆ ಕೆಟ್ಟಿತು ಎಂದು ಹೇಳದೆ ಒಂದು ಫ್ಯಾನನ್ನೂ ವಾಪಸು ಕೊಟ್ಟವಳಲ್ಲ. ಬಿಚ್ಚಿ ತೆಗೆದ ಕರಕಲು ತಂತಿಯನ್ನು ಕಾಗದದ ಚೀಲಕ್ಕೆ ಹಾಕಿ ಗಿರಾಕಿಯ ಕೈಗಿಟ್ಟು, "ನೋಡಿ, ಇಲ್ಲಿ ಬೆಂದಿದೆ. ಬೇರಿಂಗಲ್ಲಿ ಎಣ್ಣೆ ಆರಿದೆ, ತಿರುಗೋಕೆ ಒದ್ದಾಡಿ ಕಾದಿದೆ" ಎನ್ನುತ್ತಿದ್ದಳು. ಪಾಪ, ಗಿರಾಕಿಗೆ ಬೇಕಾದದ್ದು ಗಾಳಿ, ಕಾರಣವಲ್ಲ. ಆದರೂ ಎಲ್ಲರೂ ತಲೆಯಾಡಿಸಿ ಚೀಲ ಹಿಡಿದು ಹೋಗುತ್ತಿದ್ದರು. ತಲೆಯಾಡಿಸದಿದ್ದರೆ ಮತ್ತೆ ಮೊದಲಿಂದ ಶುರುಮಾಡುತ್ತಾಳೆ ಎಂಬ ಭಯ. ಗೊತ್ತಿಲ್ಲ ಎಂಬ ಮಾತು ಆಕೆಯ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವಳಿಗೆ ಜ್ವರ ಬಂದಿದೆ ಅಂದುಕೊಳ್ಳುತ್ತಿದ್ದರು.

ಇಂಥ ಮನೆಯಲ್ಲಿ ದೊರೆ ಸತ್ತುಹೋದ.

ದೊರೆ ಎಂದರೆ ಒಂದು ಹಲ್ಲಿ. ಗೋಡೆ ಹತ್ತಲು ಬಾರದ ಜಾತಿ, ಹಳದಿ ಮೈತುಂಬ ಕಪ್ಪು ಚುಕ್ಕೆ, ಮೂಲಂಗಿಯಂಥ ದಪ್ಪ ಬಾಲ. ಮಗಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು ಊರು ಬಿಡುವಾಗ ಗಾಜಿನ ಪೆಟ್ಟಿಗೆ ಸಮೇತ ಅವಳಿಗೆ ಕೊಟ್ಟುಹೋಗಿದ್ದರು. "ಮನೇಲಿರೋ ಹಲ್ಲಿ ಓಡ್ಸೋಕೇ ಪೊರಕೆ ಸಾಲ್ತಿಲ್ಲ, ಇದನ್ನ ಬೇರೆ ತಂದು ಸಾಕ್ತೀರಾ?" ಎಂದು ಕೂಗಾಡಿದ ಅತ್ತೆಯೇ ಕೊನೆಗೆ, "ಬಿದ್ಕೊಂಡಿರೋದು ನೋಡು, ದೊಡ್ಡ ದೊರೆ ಹಾಗೆ" ಎಂದು ಹೆಸರನ್ನೂ ಇಟ್ಟರು. ಅವನು ಮಲಗುವ ಚಪ್ಪಟೆ ಕಲ್ಲಿನ ಕೆಳಗೆ ಫ್ಯಾನಮ್ಮ ಒಂದು ಸಣ್ಣ ಕಾಯಿಲ್ ಕೂರಿಸಿ, ಕಲ್ಲು ಬೆಚ್ಚಗಾದೊಡನೆ ತಾನೇ ಕರೆಂಟು ನಿಲ್ಲಿಸುವ ಸ್ವಿಚ್ಚೊಂದನ್ನು ಜೋಡಿಸಿದ್ದಳು. ಹುಳ ತಿನ್ನಿಸುವುದು ಮಗಳ ಕೆಲಸ. ಅವಳ ಬೆರಳಿನ ಸದ್ದು ಕೇಳಿದರೆ ಸಾಕು, ದೊರೆ ತಲೆ ಎತ್ತುತ್ತಿದ್ದ.

ಒಂದು ರಜೆಯ ದಿನ ಬೆಳಿಗ್ಗೆ ಎತ್ತಲಿಲ್ಲ. ಹಿಂದಿನ ಸಂಜೆ ಚೆನ್ನಾಗಿ ತಿಂದವನು ಕಲ್ಲಿನ ಮೇಲೆ ಹಾಗೆಯೇ ಮರಗಟ್ಟಿದ್ದ. ಗಾಯವಿಲ್ಲ, ಬಾಲ ಸೊರಗಿಲ್ಲ, ಹಾಸಿದ ಮರಳೂ ಕದಡಿಲ್ಲ.

ತಾಯಿ ಮಗಳು ಅವನನ್ನು ಒಂದು ಡಬ್ಬಿಯಲ್ಲಿಟ್ಟುಕೊಂಡು ಪ್ರಾಣಿವೈದ್ಯರ ಹತ್ತಿರ ಓಡಿದರು. ವೈದ್ಯರು ಒಳ್ಳೆಯವರು, ಸತ್ತ ಹಲ್ಲಿಯನ್ನೂ ಮೆಲ್ಲಗೆ ಮುಟ್ಟಿದರು. "ಹೊರಗಿಂದ ಏನೂ ಕಾಣ್ತಿಲ್ಲಮ್ಮ. ಕೆಲವು ಸಲ ಹೀಗಾಗುತ್ತೆ. ಬೇಕಿದ್ರೆ ಕೊಯ್ದು ನೋಡ್ತೀನಿ, ಆಗ್ಲೂ ಗೊತ್ತಾಗುತ್ತೆ ಅಂತ ಹೇಳೋಕಾಗಲ್ಲ." ಮಗಳು ಡಬ್ಬಿಯನ್ನು ಎದೆಗವಚಿಕೊಂಡು ಬಾಗಿಲಿಗೆ ಹೋಗಿ ನಿಂತಳು. ಮಾತು ಅಲ್ಲಿಗೇ ಮುಗಿಯಿತು. ದಾರಿಯುದ್ದಕ್ಕೂ ಫ್ಯಾನಮ್ಮ ಗೊಣಗಿದಳು. "ಕೆಲವು ಸಲ ಹೀಗಾಗುತ್ತೆ ಅಂತೆ! ನಾನು ಗಿರಾಕಿಗೆ ಹಾಗಂದ್ರೆ ನನ್ನ ಅಂಗಡಿಗೆ ಯಾರಾದ್ರೂ ಬರ್ತಾರಾ?"

ಕಾರಣ ಸಿಗುವ ತನಕ ಹೂಳುವುದಿಲ್ಲ ಎಂದು ಆಕೆ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟಳು, ಅತ್ತೆಯ ಬೆಣ್ಣೆಯ ಪಕ್ಕದಲ್ಲೇ. ಅತ್ತೆ ಎರಡು ಕೈಯನ್ನೂ ತಲೆಯ ಮೇಲೆ ಹೊತ್ತರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಜಿನ ಪೆಟ್ಟಿಗೆಯನ್ನು ಮೋಟಾರಿನಂತೆ ಬಿಚ್ಚಿ ಹರಡಿದಳು. ವಯರು ಎಳೆದು ನೋಡಿದಳು, ಮರಳು ಜರಡಿ ಹಿಡಿದಳು, ನೀರಿನ ಬಟ್ಟಲು ಮೂಸಿದಳು. ಮೋಟಾರಿಗೆ ಬಳಿಯುವ ವಾರ್ನಿಷ್ಷಿನ ಡಬ್ಬದ ಮೇಲೂ ಅನುಮಾನ ಬಂತು. ಅದರ ಮುಚ್ಚಳ ತೆಗೆಯುವುದು ಯಾವಾಗಲೂ ಮಹಡಿಯ ಮೇಲೆ ಎಂಬುದು ನೆನಪಾಗಿ ಬಿಟ್ಟಳು. ಆಮೇಲೆ, ರಾತ್ರಿ ಊಟಕ್ಕೆ ಕೂತಾಗ, ಮನೆಯವರ ಸರದಿ.

"ಸೊಳ್ಳೆ ಔಷಧಿ ಹೊಡೆದವರು ಯಾರು? ನೆಲಕ್ಕೆ ಏನು ಹಾಕಿ ಒರೆಸಿದ್ರಿ ಅತ್ತೆ? ರೀ, ನೀವು ಶೂ ಪಾಲಿಶ್ ಮಾಡ್ಕೊಂಡಿದ್ದು ಎಲ್ಲಿ?"

ಗಂಡ ಬಸ್ಸಿನ ಡ್ರೈವರು, ನೆಮ್ಮದಿಯ ಮನುಷ್ಯ. "ನನ್ನ ಶೂ ವಾಸನೆಗೆ ಸಾಯೋದೇ ಆಗಿದ್ರೆ ಮದುವೆಯಾದ ವಾರಕ್ಕೇ ನೀನು ಹೋಗ್ಬೇಕಿತ್ತು" ಎಂದ.

ಆಕೆ ನಗಲಿಲ್ಲ. "ಸರಿ. ಕೊನೇಲಿ ತಿನ್ನಿಸಿದ್ದು ಯಾರು? ಏನು ತಿನ್ನಿಸಿದ್ದು?"

ತಟ್ಟೆಯ ಮೇಲಿದ್ದ ಮಗಳ ಕೈ ಅಲ್ಲೇ ನಿಂತಿತು. ಫ್ಯಾನಮ್ಮ ಅದನ್ನು ನೋಡಲೇ ಇಲ್ಲ. ಬೆಂದ ತಂತಿಯನ್ನು ಅಷ್ಟು ದೂರದಿಂದ ಗುರುತಿಸುವ ಕಣ್ಣು, ಎದುರಿಗೆ ಕೂತ ಮಗುವಿನ ಮುಖ ಬಾಡಿದ್ದನ್ನು ಕಾಣದೆ ಹೋಯಿತು. ಇದಕ್ಕೆ ಏನನ್ನಬೇಕೋ.

ಮಾರನೆಯ ದಿನವೂ ಮಗಳು ಸರಿಯಾಗಿ ಉಣ್ಣಲಿಲ್ಲ. ಅತ್ತಿತ್ತ ನೋಡುತ್ತ ಅಪ್ಪನ ಹತ್ತಿರ ಮಾತ್ರ ಬಾಯಿಬಿಟ್ಟಳಂತೆ. ಅವನು ಬಂದು ಹೆಂಡತಿಯ ಕೈಯಿಂದ ಸ್ಕ್ರೂಡ್ರೈವರ್ ತೆಗೆದಿಟ್ಟ.

"ಆವತ್ತು ಕೊಟ್ಟ ಹುಳ ಸ್ವಲ್ಪ ದೊಡ್ಡದಿತ್ತಂತೆ. ತಾನೇ ಸಾಯಿಸಿದೆ ಅಂದ್ಕೊಂಡಿದಾಳೆ. ನೀನು ಒಂದೊಂದೇ ಸರಿಯಿದೆ ಸರಿಯಿದೆ ಅಂತ ತೆಗೆದು ಇಡ್ತಾ ಹೋದ ಹಾಗೆ, ಉಳಿಯೋದು ಅವಳೊಬ್ಬಳೇ ಕಣೇ."

ದೊಡ್ಡ ಹುಳಗಳನ್ನು ದೊರೆ ಎಷ್ಟೋ ಸಲ ನುಂಗಿ ತುಟಿ ನೆಕ್ಕಿಕೊಂಡದ್ದನ್ನು ಫ್ಯಾನಮ್ಮನೇ ಕಂಡಿದ್ದಳು. ಆದರೆ ಅದರಿಂದಲ್ಲ ಎಂದು ಪ್ರಮಾಣ ಮಾಡುವಂತೆಯೂ ಇರಲಿಲ್ಲ. ಯೋಚಿಸಿ ಯೋಚಿಸಿ, ಮರುದಿನ ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತ, "ಸಿಕ್ತು ಕಣೇ" ಎಂದಳು. "ಕಲ್ಲಿನ ಸ್ವಿಚ್ಚು ಕೈಕೊಟ್ಟಿದೆ. ಕರೆಂಟು ನಿಲ್ಲಿಸ್ಲೇ ಇಲ್ಲ, ಶಾಖ ಜಾಸ್ತಿಯಾಗಿದೆ. ನಾನು ಮಾಡಿದ್ದು ತಾನೇ, ತಪ್ಪು ನಂದೇ."

ಮಗಳು ಚೀಲ ಹೆಗಲಿಗೇರಿಸಿಕೊಂಡು ಶಾಲೆಗೆ ಹೋದಳು. ಭಾರ ಇಳಿಯಿತೆಂದು ಫ್ಯಾನಮ್ಮ ಆ ಬೆಳಿಗ್ಗೆ ಒಂದೇ ಉಸಿರಿಗೆ ಒಂದಿಡೀ ಮೋಟಾರು ಸುತ್ತಿ ಮುಗಿಸಿದಳು. ಬೇರೆ ಯಾವ ತಾಯಿಯಾದರೂ ಈ ಸುಳ್ಳು ಹೇಳಿ ಗೆಲ್ಲುತ್ತಿದ್ದಳು. ಆದರೆ ಈ ಮಗು ನಡೆಯಲು ಕಲಿತದ್ದೇ ಆ ಮೇಜಿನ ಕಾಲು ಹಿಡಿದು. ಸ್ವಿಚ್ಚು ಕೆಟ್ಟಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಪರೀಕ್ಷೆ ಮಾಡಿ ತೋರಿಸಬೇಕು ಎಂದು ಅವಳಿಗೆ ಕಲಿಸಿದ್ದು ಯಾರು? ಇದೇ ತಾಯಿ.

ಮಧ್ಯಾಹ್ನ ಆಕೆ ಗಿರಾಕಿಯೊಬ್ಬನಿಗೆ ಅವನ ಫ್ಯಾನಿನ ಚರಿತ್ರೆ ವಿವರಿಸುತ್ತಿರುವಾಗ ಮೇಜಿನ ಇನ್ನೊಂದು ತುದಿಯಲ್ಲಿ ಟಕ್ಕೆಂದಿತು. ಶಾಲೆಯಿಂದ ಬಂದವಳು ಸಮವಸ್ತ್ರವನ್ನೂ ಕಳಚದೆ ಕಲ್ಲಿಗೆ ಕರೆಂಟು ಕೊಟ್ಟು, ಮೇಲೆ ಥರ್ಮಾಮೀಟರ್ ಇಟ್ಟು, ಟೆಸ್ಟರಿನ ದೀಪ ನೋಡುತ್ತ ಕೂತಿದ್ದಳು. ಕಲ್ಲು ಹದವಾಗಿ ಬೆಚ್ಚಗಾದ ಕೂಡಲೇ ದೀಪ ಆರಿತ್ತು. ತಣಿಯಲು ಬಿಟ್ಟು ಮತ್ತೆ ನೋಡಿದಳು. ಮತ್ತೆ ಟಕ್.

"ಸರಿಯಾಗೇ ಇದೆ ಅಮ್ಮಾ."

ಫ್ಯಾನಮ್ಮ ಗಿರಾಕಿಯನ್ನು ಬಿಟ್ಟು ಮಗಳ ಹತ್ತಿರ ಬಂದಳು.

"ನೀನು ಯಾವತ್ತೂ ಸುಳ್ಳು ಹೇಳಲ್ಲ. ಈಗ ಹೇಳ್ದೆ." ಮಗಳ ದನಿ ತೀರ ಸಣ್ಣಗಿತ್ತು. "ಅಂದ್ರೆ ನಾನೇ ಸಾಯಿಸಿದ್ದು ಅಂತ ನಿಂಗೆ ಗೊತ್ತು. ಅದಕ್ಕೇ ಹೇಳ್ದೆ."

ಗಿರಾಕಿ ತನ್ನ ಕರಕಲು ತಂತಿಯ ಚೀಲ ಹಿಡಿದು ನಿಂತೇ ಇದ್ದ. ಅವನೆದುರು, ಮಾವ ಕೂತ ಮೇಜಿನ ಹಿಂದೆ, ಅಷ್ಟು ವರ್ಷ ಕಾಪಾಡಿಕೊಂಡ ಹಮ್ಮನ್ನೆಲ್ಲ ಬದಿಗಿಟ್ಟು ಆಕೆ ಮೊಣಕಾಲೂರಿ ಕೂತಳು.

"ನಂಗೆ ಗೊತ್ತಿಲ್ಲ ಮಗಾ."

"ಏನು?"

"ದೊರೆ ಯಾಕೆ ಸತ್ತ ಅಂತ ಗೊತ್ತಿಲ್ಲ. ಎಲ್ಲಾ ಬಿಚ್ಚಿ ನೋಡ್ದೆ, ಸಿಗ್ಲಿಲ್ಲ. ಹುಳದಿಂದ ಅಂತ ಹೇಳೋಕೂ ನನ್ನ ಹತ್ರ ಏನಿಲ್ಲ. ಅದಕ್ಕಿಂತ ದೊಡ್ಡದನ್ನ ತಿಂದು ಅರಗಿಸ್ಕೊಂಡಿದ್ದ ಅವನು. ನೀನು ನಿನ್ನ ಮೇಲೆ ಹಾಕ್ಕೊಂಡೆ, ನಂಗೆ ನೋಡೋಕಾಗ್ಲಿಲ್ಲ, ಸುಳ್ಳು ಹೇಳ್ದೆ. ಗೊತ್ತಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ, ಅಷ್ಟೇ."

"ನಿಂಗೂ ಗೊತ್ತಾಗಲ್ವಾ?"

"ಇಲ್ಲ. ನಂಗೂ ಗೊತ್ತಾಗಲ್ಲ."

ಮಗಳು ತಾಯಿಯ ಮುಖವನ್ನು ಟೆಸ್ಟರಿನ ದೀಪ ನೋಡಿದಂತೆಯೇ ನೋಡಿದಳು. ಸುಳ್ಳಲ್ಲ ಎಂದು ಖಾತ್ರಿಯಾಯಿತೋ ಏನೋ, ದೊರೆ ಸತ್ತಾಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದವಳು ತಾಯಿಯ ಕೊರಳಿಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಗಿರಾಕಿ ಸದ್ದಿಲ್ಲದೆ ಫ್ಯಾನು ಎತ್ತಿಕೊಂಡು ಮೆಟ್ಟಿಲಿಳಿದ.

ಅಂದು ಸಂಜೆ ಹಿತ್ತಲ ಗೋಡೆಯ ಬುಡದಲ್ಲಿ ಗಂಡ ಗುಂಡಿ ತೋಡಿದ. ಫ್ರಿಜ್ಜಿನಿಂದ ಡಬ್ಬಿ ತಂದವರು ಅತ್ತೆ. "ಸದ್ಯ, ನನ್ನ ಬೆಣ್ಣೆ ಉಳೀತು" ಎನ್ನುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳು ಡಬ್ಬಿಯ ಮೇಲೆ ಕೈಯಿಟ್ಟು ನೋಡಿ, "ತುಂಬಾ ತಣ್ಣಗಿದಾನೆ ಅಮ್ಮಾ. ಚಳಿಯಾಗುತ್ತಾ ಅವನಿಗೆ?" ಎಂದಳು.

ಸತ್ತವರಿಗೆ ಚಳಿ ಯಾಕಾಗುವುದಿಲ್ಲ ಎಂಬುದಕ್ಕೆ ಫ್ಯಾನಮ್ಮನ ಹತ್ತಿರ ಒಳ್ಳೆಯ ವಿವರಣೆಯೇ ಇತ್ತು. ಅದನ್ನು ಹೇಳುವ ಬದಲು ಒಳಗೆ ಹೋಗಿ ಕಲ್ಲಿಗೆ ಕರೆಂಟು ಕೊಟ್ಟು, ಟಕ್ಕೆನ್ನುವ ತನಕ ಅದರ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ವಯರು ಕತ್ತರಿಸಿ, ಕಾಯಿಲ್ ಬಿಡಿಸಿಟ್ಟು, ಬೆಚ್ಚಗಿದ್ದ ಕಲ್ಲನ್ನು ಎರಡು ಕೈಯಲ್ಲಿ ಹಿಡಿದು ಹಿತ್ತಲಿಗೆ ತಂದು ಗುಂಡಿಯ ತಳದಲ್ಲಿಟ್ಟಳು. ಅದರ ಮೇಲೆ ಮಗಳು ದೊರೆಯನ್ನು ಮಲಗಿಸಿದಳು.